ಮಗಳು ಸರಿಪಡಿಸಿದ ಬಂದೂಕು

ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದ ವರ್ಷಗಳಲ್ಲಿ ಒಂದು ಭಾನುವಾರ ನಮ್ಮ ಆಫೀಸಿನವರೆಲ್ಲ ಸಂಸಾರ ಸಮೇತ ಗುರ್‌ಗಾಂವ್‌ಗೆ ಪೇಂಟ್‌ಬಾಲ್ ಆಡಲು ಹೋಗಿದ್ದೆವು. ಬಣ್ಣ ತುಂಬಿದ ಸಣ್ಣ ಗುಂಡುಗಳನ್ನು ಗಾಳಿಯ ಒತ್ತಡದಿಂದ ಹಾರಿಸುವ ಬಂದೂಕಿನ ಆಟವದು. ಮೊದಲು ಹಲಗೆಯ ಮೇಲಿನ ವೃತ್ತಕ್ಕೆ ಗುರಿಯಿಟ್ಟು ಅಭ್ಯಾಸ. ಹನ್ನೊಂದನೇ ತರಗತಿಯಲ್ಲಿದ್ದ ನನ್ನ ಮಗಳ ಗುಂಡುಗಳು ಎಡಕ್ಕೊಂದು ಬಲಕ್ಕೊಂದು ಹೋದವು. ನಮ್ಮ ಸೆಕ್ಷನ್ ಆಫೀಸರು ಜೋರಾಗಿ ನಕ್ಕರು. ಅವರೂ ಕರ್ನಾಟಕದವರೇ.

ಮಗಳು ನಗಲೂ ಇಲ್ಲ, ಅಳಲೂ ಇಲ್ಲ. ಬಂದೂಕು ಕೊಡುವವನಿಗೆ ಹೇಳಿ ಅದರ ನಳಿಗೆಯನ್ನು ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಿದಳು.

“ಅಪ್ಪಾ, ಅಂದರ್ ಪೂರಾ ಪೇಂಟ್ ಇದೆ. ಬಾಲ್ ಸೀದಾ ಹೇಗೆ ಹೋಗತ್ತೆ?”

ಯಾವುದೋ ಗುಂಡು ಒಳಗೇ ಒಡೆದು ಬಣ್ಣ ಮೆತ್ತಿಕೊಂಡಿತ್ತು. ಅವಳು ನನ್ನ ಕರವಸ್ತ್ರವನ್ನು ಕಡ್ಡಿಯಿಂದ ತೂರಿಸಿ, ನಳಿಗೆ ಒಣಗುವವರೆಗೆ ಒರೆಸಿದಳು. ಆಮೇಲೆ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸಿ, ಸೊಟ್ಟಗಾದವನ್ನು ಪಕ್ಕಕ್ಕಿಟ್ಟಳು. ಬಿಚ್ಚಿದ ನಳಿಗೆಯಲ್ಲಿ ತಾನಾಗಿ ಜಾರದೆ, ಊದಿದರೆ ಮಾತ್ರ ಮುಂದೆ ಸರಿಯುವ, ಅಳತೆಗೆ ಸರಿಹೊಂದುವಂಥವನ್ನೇ ಆರಿಸಿಕೊಂಡಳು.

ನಳಿಗೆಯನ್ನು ಮತ್ತೆ ಜೋಡಿಸಿ ಗುರಿಯಿಟ್ಟಳು. ಮೊದಲನೆಯದು ವೃತ್ತದ ಅಂಚಿಗೆ ಬಿತ್ತು. ಮುಂದಿನ ಮೂರೂ ವೃತ್ತದೊಳಗೇ ಬಡಿದು ಒಡೆದವು.

“ಯಾರು ಹೇಳಿಕೊಟ್ಟದ್ದು?” ಎಂದೆ.

“ಯಾರೂ ಇಲ್ಲಪ್ಪ. ಸೋಚಾ, ಬಸ್,” ಎಂದಳು, ಯೋಚಿಸಿದೆ ಅಷ್ಟೇ ಎನ್ನುವಂತೆ.

ಅಷ್ಟರಲ್ಲಿ ಸೆಕ್ಷನ್ ಆಫೀಸರು ತಮ್ಮ ಬಂದೂಕು ಹಿಡಿದು ಅವಳ ಮುಂದೆ ನಿಂತಿದ್ದರು. “ನಂದೂ ಸ್ವಲ್ಪ ನೋಡಮ್ಮ,” ಎಂದರು. ಅವರ ಹಿಂದೆ ಇನ್ನೂ ನಾಲ್ವರು ಸಾಲುಗಟ್ಟಿದರು.

ಆ ದಿನ ಕೇಳದವರಿಗೂ “ಅವಳು ನನ್ನ ಮಗಳು” ಎಂದು ಹೇಳಿಕೊಂಡು ಮೈದಾನವೆಲ್ಲ ತಿರುಗಿದೆ.