ಮಾಸ್ತರರು ಕಾದ ತಿರುವು

ಕಳೆದ ಸೋಮವಾರ ಬೆಳಿಗ್ಗೆ ಚಿಕ್ಕೋಡಿ ಹೊರವಲಯದಲ್ಲಿ ನಿರ್ಮಾಣವಾಗುತ್ತಿರುವ ರಾಷ್ಟ್ರೀಯ ಮಟ್ಟದ ಸೈಕಲ್ ಪಂದ್ಯದ ಸುತ್ತುಪಥ, ಅಂದರೆ ವೆಲೋಡ್ರೋಮ್‌ನ ಕಾಮಗಾರಿ ಪರಿಶೀಲನೆ ನಡೆಯಿತು. ವರದಿಗಾಗಿ ಹೋಗಿದ್ದೆ. ಅಲ್ಲಿಂದ ಉಗಾರದ ದಾರಿಯಲ್ಲಿ ಇನ್ನೊಂದು ಕೆಲಸಕ್ಕೆ ಹೋಗುವಾಗ ಅಂಕಲಿಯ ಹತ್ತಿರ ಬೈಕ್ ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯವನು ಟ್ಯೂಬನ್ನು ಉಜ್ಜಿ, ಸಲ್ಯೂಷನ್ ಹಚ್ಚಿ, ಒಣಗಲೆಂದು ಬಾಯಿಂದ ಊದತೊಡಗಿದ. ಆ ವಾಸನೆಗೆ ಉಗಾರ ಬುದ್ರುಕದ ಒಂದು ಪಡಸಾಲೆ ಕಣ್ಣ ಮುಂದೆ ಬಂತು...

ಆಗ ನಾನು ಕಾಗವಾಡ ಭಾಗಕ್ಕೆ ಹೊಸದಾಗಿ ಬಂದ ವರದಿಗಾರ. ಬಾಡಿಗೆಗೆ ಹಿಡಿದ ಖೋಲಿಯ ಪಕ್ಕದ ಮನೆ ಹೈಸ್ಕೂಲಿನ ದೈಹಿಕ ಶಿಕ್ಷಕರದು. ಊರೆಲ್ಲ ಅವರನ್ನು ಮಾಸ್ತರ್ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರ ಪಡಸಾಲೆಯ ಗಿಳಿಗೂಟಗಳಲ್ಲಿ ಟೋಪಿ, ಚೀಲಗಳ ಬದಲು ಸೈಕಲ್ ಟ್ಯೂಬುಗಳು ತೂಗುತ್ತಿದ್ದವು. ಮನೆಯಾಕೆ ತಾಟು ಮುಂದಿಡುವಾಗಲೆಲ್ಲ, ‘ನಿಮ್ಮ ಸಲ್ಯೂಷನ್ ವಾಸನಿ ಸಾರಿಗೂ ಬಡದೈತಿ, ಉಣ್ರಿ’ ಎಂದು ಚುಚ್ಚುತ್ತಿದ್ದರು. ಮಾಸ್ತರರು ನಗುತ್ತ ಉಣ್ಣುತ್ತಿದ್ದರು.

ಕಬ್ಬು ಬೆಳೆವವರ ಮಕ್ಕಳು, ಕುರಿ ಸಾಕುವವರ ಮಕ್ಕಳು, ಎಲ್ಲರೂ ಸಂಜೆ ಸೈಕಲ್ ಪಂದ್ಯ ಕಲಿಯಲು ಅವರ ಬಾಗಿಲಲ್ಲಿ ಸೇರುತ್ತಿದ್ದರು. ಅಭ್ಯಾಸಕ್ಕೆ ಇದ್ದದ್ದು ಸಾರ್ವಜನಿಕ ರಸ್ತೆ ಮಾತ್ರ. ಸಕ್ಕರೆ ಕಾರ್ಖಾನೆ ಚಾಲೂ ಆದರೆ ಆ ರಸ್ತೆಯ ತುಂಬ ಎರಡೆರಡು ಟ್ರೇಲರ್ ಜೋಡಿಸಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು. ತಿರುವಿನಾಚೆ ಏನು ಬರುತ್ತಿದೆಯೋ ಕಾಣುತ್ತಿರಲಿಲ್ಲ. ಮಾಸ್ತರರು ಹಿಂದಿನಿಂದ ಸ್ಕೂಟರಿನಲ್ಲಿ ಬರುತ್ತ, ಪ್ರತಿ ತಿರುವಿಗೂ ಕೂಗುತ್ತಿದ್ದರು: ‘ಹಗೂರಲೇ, ಹಗೂರ! ಟ್ರೇಲರ್ ಮುಂದ ನಿಮ್ಮ ಮೆಡಲ್ ನಡ್ಯಾಂಗಿಲ್ಲ!’ ತಿರುವು ಕಂಡರೆ ವೇಗ ತಗ್ಗಿಸುವುದು ಆ ಮಕ್ಕಳ ಕಾಲಿಗೆ ಉಸಿರಾಟದಷ್ಟೇ ಸಹಜವಾಯಿತು. ಅವರ ಕೈಯಲ್ಲಿ ಕಲಿತ ಒಂದು ಮಗುವಿಗೂ ರಸ್ತೆಯ ಮೇಲೆ ಪೆಟ್ಟಾಗಲಿಲ್ಲ.

ಅವರಲ್ಲಿ ಎಲ್ಲರಿಗಿಂತ ಮುಂದಿದ್ದವಳು ಕುರಿ ಸಾಕುವವರ ಮನೆಯ ಹುಡುಗಿ. ಅವಳಪ್ಪ ಮೊದಮೊದಲು, ‘ಕುರಿ ಬೆನ್ನ ಹತ್ತಾಕ ಸೈಕಲ್ ಬೇಕೇನ್ರಿ ಮಾಸ್ತರ?’ ಎಂದು ನಗೆಯಾಡುತ್ತಿದ್ದ. ಅವಳು ರಾಷ್ಟ್ರೀಯ ಕೂಟಕ್ಕೆ ಆಯ್ಕೆಯಾದ ದಿನ ಅದೇ ಅಪ್ಪ ಊರಿಗೆಲ್ಲ ಪೇಢೆ ಹಂಚಿದ.

ಕೂಟ ಬೇರೆ ರಾಜ್ಯದಲ್ಲಿತ್ತು. ನಾನು ರಜೆ ಹಾಕಿ ಮಾಸ್ತರರು ಮತ್ತು ಹುಡುಗಿಯ ಜೊತೆಗೆ ಹೋದೆ. ವೆಲೋಡ್ರೋಮ್ ಎಂಬುದನ್ನು ನಾವು ಮೂವರೂ ಮೊದಲ ಸಲ ಕಂಡದ್ದು ಅಲ್ಲಿ. ತಿರುವು ಬಂದಲ್ಲಿ ನೆಲವೇ ಎದ್ದು ಓರೆಯಾಗಿ ನಿಂತಿತ್ತು. ಹುಡುಗಿ ಕತ್ತೆತ್ತಿ ನೋಡಿ, ‘ಮಾಸ್ತರ, ಇದು ರಸ್ತಾ ಅಲ್ರಿ, ಗ್ವಾಡಿ ಐತಿ’ ಎಂದಳು.

‘ಗ್ವಾಡಿ ಮ್ಯಾಲೆ ಹಲ್ಲಿ ಓಡತೈತಿಲ್ಲೋ, ಹಂಗ ಓಡು ಬೇ. ತಿರುವಿನ್ಯಾಗ ಜೋರ ಹೊಡೀಬೇಕು. ಹಗೂರ ಆದ್ರ ಜಾರತಿ’ ಎಂದರು ಮಾಸ್ತರರು. ಪುಸ್ತಕದಲ್ಲಿ ಓದಿದ್ದನ್ನು ಅವರು ಹಿಂದಿನ ರಾತ್ರಿಯೂ ಹೇಳಿದ್ದರು, ಬೆಳಿಗ್ಗೆಯೂ ಹೇಳಿದರು.

ಮೊದಲ ತಿರುವನ್ನು ಅವಳು ದಾಟಿದಳು. ಎರಡನೆಯದರ ನಡುವೆ ಕಾಲು ತಡೆಯಿತು. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಪೆಡಲ್ ತಡೆದರೆ ವೇಗ ಇಳಿಯುತ್ತದೆ. ಇಳಿದ ಕ್ಷಣವೇ ಚಕ್ರ ಜಾರಿತು. ಆ ಓರೆಯ ಮೇಲಿಂದ ಕೆಳಗಿನವರೆಗೆ ಅವಳು ಸೈಕಲ್ಲಿನ ಸಮೇತ ಉಜ್ಜಿಕೊಂಡು ಬಂದಳು.

ಭುಜದ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಎಚ್ಚರಾದಾಗ ಅವಳು ಕೇಳಿದ್ದು ಒಂದೇ: ‘ನಾ ಎಲ್ಲಿ ತಪ್ಪಿದ್ನಿರಿ?’

ಮಾಸ್ತರರು ಮಂಚದ ಹತ್ತಿರ ಕುರ್ಚಿ ಎಳೆದುಕೊಂಡರು. ‘ನೀ ತಪ್ಪಿಲ್ಲವ್ವ’ ಎಂದರು. ‘ನಾ ರಸ್ತಾದಾಗ ಕಲಿಸಿದ್ದನ್ನ ಮಾಡಿದಿ.’

ಅವಳು ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ. ಮಾಸ್ತರರು ಮಕ್ಕಳನ್ನು ರಸ್ತೆಗೆ ಕರೆದೊಯ್ಯುವುದನ್ನು ಬಿಡಲಿಲ್ಲ, ಆದರೆ ತಿರುವು ಬಂದಾಗ ಅವರ ಕೂಗು ಮೊದಲಿನಂತಿರಲಿಲ್ಲ. ಕೂಗದಿದ್ದರೆ ಟ್ರೇಲರಿನ ಭಯ, ಕೂಗಿದರೆ ಆ ಆಸ್ಪತ್ರೆಯ ನೆನಪು...

ಕೆಲವು ವರ್ಷಗಳ ಮೇಲೆ ನಮ್ಮ ಭಾಗಕ್ಕೇ ವೆಲೋಡ್ರೋಮ್ ಮಂಜೂರಾಯಿತು. ಕೇಂದ್ರದ ಪಾಲು, ರಾಜ್ಯದ ಪಾಲು ಎಂದು ಘೋಷಣೆಯಾಯಿತು, ಅಡಿಗಲ್ಲು ಬಿತ್ತು. ಮೊದಲ ಕಂತು ಬಂದಾಗ ಮಣ್ಣಿನ ಕೆಲಸ ನಡೆಯಿತು, ಎರಡನೆಯದು ತಡವಾದಾಗ ನಿಂತಿತು. ಗುತ್ತಿಗೆದಾರರು ಬದಲಾದರು. ಆ ಹೊತ್ತಿಗೆ ಮಾಸ್ತರರು ನಿವೃತ್ತರಾಗಿದ್ದರು, ನಾನು ಚಿಕ್ಕೋಡಿ ಕಚೇರಿಗೆ ಬಂದಿದ್ದೆ. ಅವರು ಆಗಾಗ ಬಸ್ಸಿನಲ್ಲಿ ಬಂದು, ಕಾಮಗಾರಿಯ ಸ್ಥಳದ ಬೇಲಿ ಹಿಡಿದು ನಿಂತು ನೋಡಿ, ನಂತರ ನನ್ನ ಮೇಜಿನೆದುರು ಕೂರುತ್ತಿದ್ದರು. ಅಧಿಕಾರಿಗಳು ಹೇಳಿದಂತೆ ನಾನು ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದು ಬರೆದ ದಿನ ಅವರು ಪೇಪರ್ ಮಡಚುತ್ತ ಕೇಳಿದರು: ‘ಏನ್ರಿ ಪೇಪರ್‌ನವರ, ನಿಮ್ಮ ಪ್ರಗತಿ ಎಲ್ಲಿತನಾ ಬಂದೈತಿ? ಅಂಕಲಿ ದಾಟೇತೋ, ಇಲ್ಲೋ?’

ಇಬ್ಬರೂ ನಕ್ಕೆವು. ನಗೆ ನಿಂತ ಮೇಲೆ ಅವರು ಹೇಳಿದರು: ‘ಮೆಡಲ್ ಗಿಡಲ್ ಏನೂ ಬ್ಯಾಡ್ರಿ. ಆ ಹುಡುಗಿ ಅದರ ಮ್ಯಾಲೆ ಒಂದ ಸುತ್ತ ಹಾಕಬೇಕು, ತಿರುವಿನ್ಯಾಗ ಕಾಲ ತಡೀದಂಗ. ನಾ ಅಷ್ಟ ನೋಡಬೇಕು.’

ಅದು ಅವರು ನನ್ನ ಕಚೇರಿಗೆ ಬಂದ ಕೊನೆಯ ಸಲ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ನಾನು ಅವರ ಮಣ್ಣಿಗೆ ಹೋದಾಗ ಪಡಸಾಲೆಯ ಗೂಟಗಳಲ್ಲಿ ಟ್ಯೂಬುಗಳು ಹಾಗೇ ಇದ್ದವು. ಮನೆಯಾಕೆ ಅವನ್ನು ತೆಗೆಯಗೊಡಲಿಲ್ಲ.

ಅಂದಿನ ಹುಡುಗಿ ಈಗ ಅಕ್ಕೋಳದಲ್ಲಿ ದೈಹಿಕ ಶಿಕ್ಷಕಿ. ಸೋಮವಾರ ಅಂಕಲಿಯ ಅಂಗಡಿಯವನು ಟೈರಿಗೆ ಗಾಳಿ ತುಂಬುತ್ತಿರುವಾಗಲೇ ಅವಳ ಫೋನ್ ಬಂತು. ಅವಳ ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು.

‘ಸರ್, ತಿರುವು ಹಾಕ್ಯಾರೇನ್ರಿ?’

ಪರಿಶೀಲನೆಯಲ್ಲಿ ಬರೆದುಕೊಂಡದ್ದನ್ನೇ ಅವಳಿಗೆ ಓದಿ ಹೇಳಿದೆ. ಎರಡೂ ನೇರ ಭಾಗಗಳ ಕಾಂಕ್ರೀಟ್ ಮುಗಿದಿದೆ. ತಿರುವುಗಳಿಗೆ ಪರಿಷ್ಕೃತ ಅಂದಾಜು ಪಟ್ಟಿ ಸಲ್ಲಿಕೆಯಾಗಿದೆ. ಅನುದಾನ ಇನ್ನೂ ಬಿಡುಗಡೆಯಾಗಿಲ್ಲ.