ಜಿಪ್ಪಕ್ಕ ದೊರೆಗೆ ಅಂಗಿ ಹೊಲಿದದ್ದು

ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ತಾಗುವಂಥ ಜಾಗದಲ್ಲಿ, ಒಂದು ಹೊಲಿಗೆ ಯಂತ್ರ, ಎರಡು ಸ್ಟೂಲು ಮತ್ತು ಗೋಡೆಯ ತುಂಬ ನೇತುಬಿದ್ದ ಜಿಪ್ಪುಗಳ ನಡುವೆ ಅವಳು ಹದಿನೆಂಟು ವರ್ಷದಿಂದ ಕೂತಿದ್ದಳು. ಶಾಲೆಯ ಚೀಲ, ಆಫೀಸಿನ ಚೀಲ, ದೊಡ್ಡ ಸೂಟ್‌ಕೇಸು, ಯಾವುದರ ಬಾಯಿ ಮುಚ್ಚದೇ ಹೋದರೂ ಅವಳ ಹತ್ತಿರವೇ ಬರುತ್ತಿತ್ತು. ಸೋದರಮಾವನ ಅಂಗಡಿಯಲ್ಲಿ ಕಲಿತ ಕೆಲಸ ಅದು. ಹಲ್ಲು ಕಚ್ಚದ ಜಿಪ್ಪಿನ ಮೇಲೆ ಒಮ್ಮೆ ಬೆರಳಾಡಿಸಿದರೆ ಸಾಕು, ಎಳೆಯುವ ರನ್ನರ್ ಸವೆದಿದೆಯೋ ಹಲ್ಲಿನ ಪಟ್ಟಿಯೇ ಹೋಗಿದೆಯೋ ಹೇಳಿಬಿಡುತ್ತಿದ್ದಳು. ಹೀಗಾಗಿ ಇಡೀ ಮಾರುಕಟ್ಟೆಗೆ ಅವಳು ಜಿಪ್ಪಕ್ಕ. ಬಸ್ ಓಡಿಸುತ್ತಿದ್ದ ಗಂಡನನ್ನು ಡಿಪೋದಲ್ಲಿ ಕೂಡ ಜಿಪ್ಪಕ್ಕನ ಯಜಮಾನರು ಎಂದೇ ಕರೆಯುತ್ತಿದ್ದರು. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ.

ಬೆಕ್ಕು ಬಂದದ್ದು ರಿಪೇರಿಗೆ ಬಿಟ್ಟುಹೋದ ಒಂದು ಸೂಟ್‌ಕೇಸಿನಲ್ಲಿ. ಬೆಳಿಗ್ಗೆ ಬಂದು ಮುಚ್ಚಳ ಎತ್ತಿದರೆ ಒಳಗೆ ಅಂಗೈಯಷ್ಟು ಅಗಲದ ಕೆಂಚು ಮರಿಯೊಂದು ನಿದ್ದೆ ಹೊಡೆಯುತ್ತಿತ್ತು. ಸೂಟ್‌ಕೇಸಿನವನು ಬಂದು, ತಾನು ಕೊಟ್ಟದ್ದು ಖಾಲಿ ಪೆಟ್ಟಿಗೆ ಎಂದು ಕೈ ಒದರಿದ. ಜಿಪ್ಪಕ್ಕ ಅವನ ಪೆಟ್ಟಿಗೆ ಅವನಿಗೆ ಕೊಟ್ಟು ಮರಿಯನ್ನು ಮನೆಗೆ ತಂದಳು. ಒಂದು ವಾರದಲ್ಲಿ ಅದು ಮೂರೂ ಕೋಣೆಗಳನ್ನು ಕಪ್ಪ ವಸೂಲಿಗೆ ಬಂದವರ ಗತ್ತಿನಲ್ಲಿ ಸುತ್ತತೊಡಗಿದ್ದು ನೋಡಿ ಗಂಡ ಅದಕ್ಕೆ ದೊರೆ ಎಂದು ಹೆಸರಿಟ್ಟ.

ಅವರ ಮನೆ ಮೂರನೇ ಮಹಡಿಯಲ್ಲಿ. ಕೆಳಗೆ ಬಿಡುವಿಲ್ಲದ ರಸ್ತೆ. ಆದ್ದರಿಂದ ದೊರೆ ಒಳಗೇ ಬೆಳೆದ. ಇದು ಅತ್ತೆಗೆ ಹಿಡಿಸಲಿಲ್ಲ. ಅತ್ತೆ ಬೆಕ್ಕು ಸಾಕಿ ಬಲ್ಲವರು. ತಮ್ಮ ಕಾಲದ ಬೆಕ್ಕುಗಳು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದವು, ಬೆಕ್ಕಿಗೆ ಮೂಸಲು ಮಣ್ಣು ಬೇಕು, ಹತ್ತಲು ಗೋಡೆ ಬೇಕು, ಇದೇನು ಷೋಕೇಸಿನ ಗೊಂಬೆಯೇ ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ಸೊಸೆ ಬಾಗಿಲು ಮಾತ್ರ ತೆಗೆಯುತ್ತಿರಲಿಲ್ಲ.

ದೊರೆಗೆ ಎರಡು ವರ್ಷವಾದಾಗ ಗ್ಯಾಸ್ ಸಿಲಿಂಡರ್ ತಂದವನು ಬಾಗಿಲು ತೆರೆದಿಟ್ಟ ಅರೆಗಳಿಗೆಯಲ್ಲಿ ದೊರೆ ಮಾಯವಾದ. ಎರಡು ದಿನ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಮೂರನೇ ದಿನ ಮೊದಲ ಮಹಡಿಯ ಕಿಟಕಿಯ ಸಜ್ಜದ ಮೇಲೆ ಸಿಕ್ಕಿದ. ಒಂದು ಕಿವಿ ಹರಿದಿತ್ತು, ಮೈಯೆಲ್ಲ ಮಸಿ. ಬಣ್ಣ ಹೊಡೆಯುವವನ ಏಣಿ ತರಿಸಿ ಇಳಿಸಬೇಕಾಯಿತು.

ಕಿವಿ ಬೇಗ ಮಾಯಿತು, ಹೊರಗಿನ ರುಚಿ ಮಾತ್ರ ಹೋಗಲಿಲ್ಲ. ದಿನವೂ ಬೆಳಿಗ್ಗೆ ಐದಕ್ಕೆ ಸರಿಯಾಗಿ ಬಾಗಿಲ ಮುಂದೆ ಕೂತು ಊಳಿಡಲು ಹಿಡಿದ. ಎದುರುಮನೆಯವರು ಅದನ್ನು ಮಗುವಿನ ಅಳುವೆಂದುಕೊಂಡು, ಮಗುವಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. ಬಿಟ್ಟುಬಿಡಿ, ತಾನೇ ಬರುತ್ತದೆ ಎಂದು ಅತ್ತೆ ಹಟ ಹಿಡಿದರು. ತಾಯಿಗೆ ಎದುರಾಡದ ಗಂಡ ಅಂದು ತಟ್ಟೆಯ ಮುಂದೆ ತಲೆ ತಗ್ಗಿಸಿಕೊಂಡೇ ಹೇಳಿದ: "ಬೇಡಮ್ಮ. ನಾನು ದಿನಾ ಸ್ಟಿಯರಿಂಗ್ ಹಿಡ್ದು ಕೂತಿರ್ತೀನಿ. ರಸ್ತೆ ಮೇಲೆ ಏನೇನು ಬಿದ್ದಿರುತ್ತೆ ಅಂತ ನಂಗೊತ್ತು."

ಹೊರಗೂ ಹೋಗಬೇಕು, ಕೈತಪ್ಪಿಯೂ ಹೋಗಬಾರದು. ಇದು ಹೊಲಿಗೆಯಿಂದ ಬಗೆಹರಿಯುವ ವಿಷಯ ಎಂದು ಜಿಪ್ಪಕ್ಕನಿಗೆ ತೋಚಿತು. ಶಾಲೆಯ ಚೀಲದ ಭುಜಪಟ್ಟಿ ಕತ್ತರಿಸಿ, ಎರಡು ಬಕಲ್ ಜೋಡಿಸಿ, ಎದೆಗೂ ಹೊಟ್ಟೆಗೂ ಸುತ್ತುವ ಬೆಲ್ಟು ಹೊಲಿದು, ಅದಕ್ಕೊಂದು ಹಗ್ಗ ಕಟ್ಟಿದಳು. ತೊಡಿಸಿದ ಕೂಡಲೇ ದೊರೆ ಪಕ್ಕಕ್ಕೆ ಉರುಳಿ ಕಾಲೊರಸಿನಂತೆ ಬಿದ್ದುಕೊಂಡ. ಎತ್ತಿ ನಿಲ್ಲಿಸಿದರೆ ಮತ್ತೆ ಉರುಳಿದ. ಹೊರಗಾಳಿ ಸೋಕಿದರೆ ಸರಿಹೋದಾನು ಎಂದು ಭಾನುವಾರ ಬೆಳಿಗ್ಗೆ ಎತ್ತಿಕೊಂಡು ತಾರಸಿಗೆ ಹೋದಳು.

ಐದು ನಿಮಿಷ ಎಲ್ಲ ನೆಟ್ಟಗಿತ್ತು. ಆಮೇಲೆ ನೀರಿನ ಟ್ಯಾಂಕು ತುಂಬಿ ದಬದಬನೆ ಸುರಿಯಿತು. ದೊರೆ ಹಿಂದಕ್ಕೆ ಎರಡು ಹೆಜ್ಜೆ ಜಗ್ಗಿ, ಭುಜ ಕುಗ್ಗಿಸಿ, ದೊಗಲೆ ಅಂಗಿ ಕಳಚಿದಷ್ಟು ಸಲೀಸಾಗಿ ಬೆಲ್ಟಿನಿಂದ ಜಾರಿ, ಪೈಪು ಹಿಡಿದು ಮೆಟ್ಟಿಲ ಕೋಣೆಯ ನೆತ್ತಿಗೆ ಏರಿಬಿಟ್ಟ. ಹಗ್ಗದ ತುದಿಯಲ್ಲಿ ಬರೀ ಬೆಲ್ಟು ಉಳಿಯಿತು. ಅವಳು ಒಂದು ಹೆಜ್ಜೆ ಇಟ್ಟರೆ ಅವನು ಅಂಚಿನ ಕಡೆಗೆ ಒಂದು ಹೆಜ್ಜೆ ಇಡುತ್ತಿದ್ದ. ಅಂಚಿನಾಚೆ ನೇರ ರಸ್ತೆ. ಜಿಪ್ಪಕ್ಕ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದಳು. ಕೂಗದೆ, ಅಲ್ಲಾಡದೆ, ಇದ್ದಲ್ಲೇ ಕುಕ್ಕರಿಸಿದಳು. ಇಷ್ಟು ಹೊತ್ತಾದರೂ ಇಳಿದು ಬರಲಿಲ್ಲವಲ್ಲ ಎಂದು ತಾರಸಿಯ ಬಾಗಿಲಿಗೆ ಬಂದ ಗಂಡನಿಗೆ ಸನ್ನೆಯಲ್ಲೇ ತಿಳಿಸಿದಳು. ಅವನು ಸದ್ದಿಲ್ಲದೆ ಇಳಿದುಹೋದ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಮಂಡಿನೋವಿನಿಂದ ಆರು ತಿಂಗಳಿಂದ ಮೆಟ್ಟಿಲು ಹತ್ತದ ಅತ್ತೆ, ಮಗನ ಭುಜ ಹಿಡಿದುಕೊಂಡು ಬಂದರು. ಇನ್ನೊಂದು ಕೈಯಲ್ಲಿ ಪುಟ್ಟ ಸ್ಟೀಲ್ ಡಬ್ಬಿ. ಯಾರ ಮುಖವನ್ನೂ ನೋಡದೆ ಡಬ್ಬಿಯ ಮುಚ್ಚಳವನ್ನು ಎರಡು ಸಲ ಟಕಟಕ ಬಡಿದರು. ದೊರೆಯ ಕಿವಿ ನಿಮಿರಿತು. ಮೂರನೇ ಸದ್ದಿಗೆ ಪೈಪಿನಿಂದ ಇಳಿದು ನೇರ ಅತ್ತೆಯ ಕಾಲಬುಡಕ್ಕೆ ಬಂದ. ಗಂಡ ಟವೆಲು ಹೊದಿಸಿ ಹಿಡಿದ.

ಜಿಪ್ಪಕ್ಕ ಡಬ್ಬಿಯೊಳಗೆ ಇಣುಕಿದಳು. ಬೆಕ್ಕಿನ ಬಿಸ್ಕತ್ತುಗಳನ್ನು ಒಂದೊಂದನ್ನೂ ನಾಲ್ಕು ಚೂರು ಮಾಡಿ ಇಟ್ಟಿತ್ತು.

"ಇದೇನತ್ತೆ?"

"ಮಧ್ಯಾಹ್ನ ನೀನಿರಲ್ಲ. ಅದು ನನ್ನ ಮುಖಾನೇ ನೋಡ್ತಾ ಕೂತಿರುತ್ತೆ. ನಾನೇನು ಕಲ್ಲಾ?"

ಗಂಡ ಬೆಕ್ಕನ್ನು ಎತ್ತಿಕೊಂಡು ಮುಂದೆ ಹೋದ. ಇಳಿಯುವಾಗ ಅತ್ತೆಗೆ ಉಸಿರು ಕಟ್ಟಿ, ಅತ್ತೆ ಸೊಸೆ ಇಬ್ಬರೂ ಅರ್ಧ ಮೆಟ್ಟಿಲಲ್ಲೇ ಕೂತರು. ಅತ್ತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡರು.

"ಏಳು ಬೆಕ್ಕು ಸಾಕಿದೀನಿ ಕಣೇ ನಾನು," ಎಂದರು. "ಎಲ್ಲಾ ಹೊರಗೆ ತಿರುಗಿ ಮನೆಗೆ ಬರ್ತಿದ್ವು ಅಂತೀನಲ್ಲ, ಬರ್ತಿದ್ವು, ಸುಳ್ಳಲ್ಲ. ಒಂದಿನ ಬರ್ತಿರಲಿಲ್ಲ, ಅಷ್ಟೇ. ಏಳರಲ್ಲಿ ಒಂದು ಕೂಡ ನನ್ನ ಕಣ್ಣೆದುರು ಮುದಿಯಾಗಲಿಲ್ಲ. ಎಲ್ಲಿ ಹೋದ್ವೋ, ಏನಾದ್ವೋ." ಆಮೇಲೆ ಸೊಸೆಯ ಕೈಯಲ್ಲಿದ್ದ ಬೆಲ್ಟನ್ನು ಎಳೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹೊರಗೂ ಬೇಕು ಅದಕ್ಕೆ. ಆದ್ರೆ ನೀನು ಇನ್ನೊಂಚೂರು ಸರಿಯಾಗಿ ಹೊಲಿ."

ಮಾರನೆಯ ದಿನ ಜಿಪ್ಪಕ್ಕ ದೊರೆಯನ್ನು ಒಂದು ಚೀಲದಲ್ಲಿ ಹಾಕಿಕೊಂಡು, ಬೆಲ್ಟಿನ ಸಮೇತ ಪಶುವೈದ್ಯೆಯ ಹತ್ತಿರ ಹೋದಳು. ಡಾಕ್ಟರಮ್ಮ ಹೊಲಿಗೆ ನೋಡಿ, ಇದರಲ್ಲಿ ಎತ್ತನ್ನು ಕಟ್ಟಿದರೂ ಹರಿಯುವುದಿಲ್ಲ ಎಂದು ಮೆಚ್ಚಿದರು. ಎತ್ತನ್ನು ಹಿಡಿಯಬಲ್ಲದ್ದು ಬೆಕ್ಕನ್ನು ಹಿಡಿಯಲಾರದು ಎಂದೂ ಹೇಳಿದರು. ಬೆಕ್ಕು ಭುಜವನ್ನು ಮಡಚಿ ಹಿಂದಕ್ಕೆ ಜಾರುತ್ತದೆ. ಪಟ್ಟಿ ಸಾಲದು, ಎದೆ ಬೆನ್ನು ಎರಡನ್ನೂ ಮುಚ್ಚುವ ಅಂಗಿಯಂಥದ್ದು ಬೇಕು. ಒಳಗೆ ಎರಡು ಬೆರಳು ತೂರಬೇಕು, ಮೂರನೆಯದು ತೂರಬಾರದು. ತೊಡಿಸುವ ಅವಸರ ಮಾಡದೆ ಮೊದಲು ಊಟದ ತಟ್ಟೆಯ ಪಕ್ಕದಲ್ಲಿಡಬೇಕು, ಆಮೇಲೆ ಬೆನ್ನ ಮೇಲೆ, ಆಮೇಲೆ ಬಕಲ್ ಹಾಕುವುದು. ಎಲ್ಲಕ್ಕಿಂತ ಮುಖ್ಯ, ಊಳಿಟ್ಟಾಗ ಬಾಗಿಲು ತೆಗೆಯಕೂಡದು. ತೆಗೆದರೆ, ಊಳಿಟ್ಟರೆ ಸಾಕು ಬಾಗಿಲು ತೆರೆಯುತ್ತದೆ ಎಂದು ಬೆಕ್ಕು ಕಲಿಯುತ್ತದೆ. ಇಷ್ಟೆಲ್ಲ ಹೇಳಿ ಲಸಿಕೆಯನ್ನೂ ಹಾಕಿ, ಕುತ್ತಿಗೆಗೆ ಫೋನ್ ನಂಬರ್ ಬರೆದ ಬಿಲ್ಲೆ ಕಟ್ಟಿಸಿ ಕಳಿಸಿದರು.

ಜಿಪ್ಪಕ್ಕ ಹದಿನೆಂಟು ವರ್ಷದಲ್ಲಿ ಮೊದಲ ಸಲ ಕಾಗದದ ಮೇಲೆ ಅಳತೆ ಬರೆದು ಕತ್ತರಿಸಿದಳು. ದೊರೆ ಅಳತೆಪಟ್ಟಿಯನ್ನು ಎರಡು ಕಡೆ ಕಚ್ಚಿದ. ಮೊದಲ ಅಂಗಿ ಕಂಕುಳಲ್ಲಿ ಬಿಗಿಯಾಯಿತು, ಎರಡನೆಯದು ಬೆನ್ನಿನ ಮೇಲೆ ಗುಡಾರದಂತೆ ನಿಂತಿತು. ಮೂರನೆಯದು ಕೂತಿತು.

ಪಾಠ ಹೇಳುವ ಕೆಲಸವನ್ನು ಅತ್ತೆ ತಾವಾಗಿಯೇ ವಹಿಸಿಕೊಂಡರು. ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ವರದಿ ಶುರುವಾಗುತ್ತಿತ್ತು: ಇವತ್ತು ಅಂಗಿಯ ಮೇಲೆ ಕೂತ, ಇವತ್ತು ತೊಟ್ಟುಕೊಂಡು ಬಿದ್ದುಕೊಂಡ, ಇವತ್ತು ತೊಟ್ಟುಕೊಂಡು ನಿಂತ, ನಿಂತು ಮೂರು ಹೆಜ್ಜೆ ಹಾಕಿದ. ಹನ್ನೊಂದನೆಯ ದಿನ ಅಂಗಿ ತೊಟ್ಟೇ ನೊಣ ಹಿಡಿದ ಸುದ್ದಿ ಬಂತು.

ವಾಹನಗಳು ಏಳುವ ಮೊದಲು, ಮರುದಿನ ಬೆಳಿಗ್ಗೆ ಆರಕ್ಕೆ, ಮನೆಯ ಕಟ್ಟಡದ ಹಿತ್ತಿಲಲ್ಲಿ ಅವನನ್ನು ಚೀಲದಲ್ಲಿ ಇಳಿಸಿದರು. ಜಿಪ್ಪಕ್ಕ ಚೀಲದ ಬಾಯಿ ತೆರೆದಿಟ್ಟು, ಹಗ್ಗದ ಕುಣಿಕೆಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಕಾದಳು. ಕಾಲು ಗಂಟೆ ಬರೀ ಮೂಗು ಹೊರಬಂತು. ಆಮೇಲೆ ಒಂದು ಕಾಲು. ಹುಲ್ಲಿಗೆ ಪಾದ ಸೋಕಿದ್ದೇ ದೊರೆ ಅದನ್ನು ಎತ್ತಿ ಕೊಡವಿ ಮತ್ತೆ ಇಟ್ಟ. ಗೋಡೆ ಮೂಸಿದ, ಒಂದು ಇರುವೆಯ ಸಾಲನ್ನು ಕೊನೆಯವರೆಗೆ ತಪಾಸಣೆ ಮಾಡಿದ. ಪಾಳಿಗೆ ಹೊರಟುನಿಂತ ಗಂಡ ಗಡಿಯಾರ ನೋಡಿ, ಅರ್ಧ ಗಂಟೆಗೆ ನಾಲ್ಕು ಮಾರು, ನಮ್ಮ ಡಿಪೋದ ಗುಜರಿ ಬಸ್ಸೂ ಇದಕ್ಕಿಂತ ಬೇಗ ಹೋಗುತ್ತದೆ ಎಂದ. ಮೂಲೆಯಲ್ಲಿ ನಾಯಿಯೊಂದು ತಲೆ ಹಾಕಿತು. ಜಿಪ್ಪಕ್ಕ ಹಗ್ಗವನ್ನು ಬಿಗಿಹಿಡಿದಳು. ದೊರೆ ಮಾತ್ರ ಪೈಪು ಹುಡುಕಲಿಲ್ಲ, ಗೋಡೆ ಹತ್ತಲಿಲ್ಲ. ತಿರುಗಿ ತನ್ನ ಚೀಲದೊಳಕ್ಕೆ ಹೋಗಿ ಕೂತ. ಅವಳು ಜಿಪ್ಪೆಳೆದು ಚೀಲವನ್ನು ಎದೆಗೆ ಅವಚಿಕೊಂಡಾಗ ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು.

ತಿಂಗಳೊಪ್ಪತ್ತಿನಲ್ಲಿ ಐದು ಗಂಟೆಯ ಊಳು ನಿಂತಿತು. ಆರಕ್ಕೆ ಬಾಗಿಲು ತೆಗೆಯುತ್ತದೆಂದು ಗೊತ್ತಾದ ಮೇಲೆ ದೊರೆ ಅಂಗಿಯ ಪಕ್ಕದಲ್ಲಿ ಬಾಲ ಸುತ್ತಿಕೊಂಡು ಕಾಯತೊಡಗಿದ. ಸುದ್ದಿ ಡಾಕ್ಟರಮ್ಮನವರೆಗೂ ಹೋಯಿತು. ಅವರು ಕಳಿಸಿದ ಜನ ತಮ್ಮ ಬೆಕ್ಕಿಗೂ ಅಂಥದೇ ಅಂಗಿ ಬೇಕೆಂದು ಮಾರುಕಟ್ಟೆಗೆ ಬಂದರು. ಬೆಕ್ಕನ್ನು ಕಣ್ಣಾರೆ ಕಾಣದೆ ಕತ್ತರಿ ಮುಟ್ಟುವುದಿಲ್ಲ ಎಂದು ಜಿಪ್ಪಕ್ಕ ಪಟ್ಟು ಹಿಡಿದದ್ದರಿಂದ ಮೆಟ್ಟಿಲ ಕೆಳಗೆ ಬುಟ್ಟಿಗಳಲ್ಲಿ, ಚೀಲಗಳಲ್ಲಿ ಮಿಯಾಂವ್ ಸದ್ದು ಮಾಮೂಲಾಯಿತು.

ಹಿತ್ತಿಲಿಗೆ ಇಳಿಯಲಾಗದೆ ಮೇಲೆಯೇ ಉಳಿದ ಅತ್ತೆಯ ಮುಖ ಮಾತ್ರ ದಿನದಿನಕ್ಕೆ ಊದುತ್ತಿತ್ತು. ತಾರಸಿ ಹತ್ತುವುದು ಒಂದೇ ಮಹಡಿ, ಅದಾದರೆ ತಮ್ಮಿಂದ ಆದೀತು ಎಂದು ಎರಡು ಸಲ ಕಿವಿಗೆ ಹಾಕಿದರು. ಸೊಸೆ ಗಟ್ಟಿ ಬಲೆ ತಂದು, ಕಬ್ಬಿಣದ ಚೌಕಟ್ಟಿನ ಮೇಲೆ ಎಳೆದು, ತಾರಸಿಯ ಗೋಡೆಗೆ ಬಿಗಿದು, ಬಲೆಯದೊಂದು ಪುಟ್ಟ ಕೋಣೆಯನ್ನೇ ಮಾಡಿದಳು. ಬಾಗಿಲಿಗೆ ಉದ್ದದ ಜಿಪ್ಪು. ಎರಡನೇ ದಿನವೇ ದೊರೆ ರನ್ನರನ್ನು ಉಗುರಿನಲ್ಲಿ ಸರಿಸಲು ಕಲಿತದ್ದು ಕಂಡು, ಹದಿನೆಂಟು ವರ್ಷದ ಕಸುಬಿಗೆ ಇದು ಅವಮಾನ ಎಂದು ನಗುತ್ತಲೇ ಹೊರಗಡೆ ಕೊಂಡಿ ಜೋಡಿಸಿದಳು.

ಕೋಣೆಯನ್ನು ನೋಡಲು ಬಂದ ಅತ್ತೆ ಎತ್ತರ ನೋಡಿದರು, ಅಗಲ ನೋಡಿದರು. ಸೊಳ್ಳೆ ಬರುವುದಿಲ್ಲವೇ ಎಂದು ಕೇಳಿದರು. ಅಷ್ಟಾಗಿ ಬರುವುದಿಲ್ಲ ಎಂದಾಗ, ಇನ್ನೆರಡು ಅಡಿ ಅಗಲ ಮಾಡಿದ್ದರೆ ಒಂದು ಕುರ್ಚಿ ಹಿಡಿಯುತ್ತಿತ್ತು ಎಂದರು. ಮುಂದಿನ ಭಾನುವಾರ ಜಿಪ್ಪಕ್ಕ ಹೊಲಿಗೆ ಬಿಚ್ಚಿ ಎರಡೂವರೆ ಅಡಿ ಸೇರಿಸಿದಳು. ಅಂದು ಸಂಜೆ ಪಾಳಿ ಮುಗಿಸಿ ಬಂದ ಗಂಡ ಮನೆಯಲ್ಲಿ ಯಾರೂ ಇಲ್ಲದ್ದು ಕಂಡು ತಾರಸಿಗೆ ಬಂದ. ಬಲೆಯೊಳಗೆ ಕುರ್ಚಿಯಲ್ಲಿ ತಾಯಿ, ತಾಯಿಯ ಮಡಿಲಲ್ಲಿ ದೊರೆ, ನೆಲದ ಮೇಲೆ ಸೂಜಿ ಹಿಡಿದ ಹೆಂಡತಿ. ಚಹಾದ ವಿಷಯ ಎತ್ತುವುದೋ ಬೇಡವೋ ಎಂದು ಒಂದು ಗಳಿಗೆ ನೋಡಿದ. ಆಮೇಲೆ ತಾನೇ ಇಳಿದುಹೋಗಿ ಮೂರು ಲೋಟ ಮಾಡಿ ತಂದು, ಜಿಪ್ಪು ಸರಿಸಿ ಒಳಗೆ ನುಸುಳಿದ.