ಕುಂಕುಮ ಹಚ್ಚಿದ ನಲವತ್ತು ವಾಲ್ವ್

ಅಣವೀರಪ್ಪನ ಕೈಗೆ ಸಿಕ್ಕ ಲೋಹ ಹೇಳಿದ ಮಾತು ಕೇಳುತ್ತದೆ ಎಂದು ಘಾಟ್ಕೋಪರಿನ ಆ ಗಲ್ಲಿಯಲ್ಲಿ ಎಲ್ಲರೂ ಒಪ್ಪುತ್ತಿದ್ದರು. ಮಾತು ಕೇಳದಿದ್ದದ್ದು ಅವನ ಬಾಯಿ ಒಂದೇ. ಬೈಗುಳವೋ ದೇವರ ಹೆಸರೋ, ಏನಾದರೊಂದು ಅಲ್ಲಿ ಓಡುತ್ತಲೇ ಇರಬೇಕು. ತನ್ನೂರು ಇಂಡಿಯಿಂದ ಬಂದು ಹದಿನೆಂಟು ವರ್ಷ ದಾನಪ್ಪನ ವರ್ಕ್‌ಶಾಪಿನಲ್ಲಿ ಲೇತ್ ನಡೆಸಿದವನು, ನೀರಿನ ಪಂಪಿನ ಬಿಡಿಭಾಗ ಮಾಡುತ್ತಲೇ ಮುದುಕನಾಗುತ್ತೇನೆ ಅಂದುಕೊಂಡಿದ್ದ. ಎಂಬತ್ತೆಂಟನೇ ಇಸವಿಯಲ್ಲಿ ಬಾಹ್ಯಾಕಾಶ ಇಲಾಖೆಯ ಆರ್ಡರ್ ಬಂತು: ರಾಕೆಟ್ಟಿಗೆ ನಲವತ್ತು ವಾಲ್ವ್. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನಡೆಯದ ಕೆಲಸ. ಐದು ತಿಂಗಳು ಹಿಡಿಯಿತು.

ಕೊನೆಯದು ಮುಗಿದ ಮರುದಿನವೇ ಖಂಡೆಪೂಜೆ, ಆಯುಧಗಳನ್ನು ಪೂಜಿಸುವ ದಿನ. ಲೇತಿಗೆ ಪೂಜೆ ಮಾಡಿ, ಅದು ಹೆತ್ತ ಮಾಲನ್ನು ಬಿಡುವುದುಂಟೆ? ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ನಲವತ್ತಕ್ಕೂ ಒಂದೊಂದು ಬೊಟ್ಟಿಟ್ಟು ಕೈಮುಗಿದ. ಸಂಜೆ ಬಟ್ಟೆಯಿಂದ ಒರೆಸಿ ಪೆಟ್ಟಿಗೆಗೆ ತುಂಬಿದ. ಯಾರೂ ನೋಡಲಿಲ್ಲ.

ತಪಾಸಣೆಗೆ ಬಂದವರು ಇಲಾಖೆಯ ಸತ್ಯಮೂರ್ತಿ, ಮೈಸೂರಿನವರು. ಒಂದೊಂದನ್ನೂ ಅಳೆದು ತಲೆದೂಗಿದರು. ಚಹಾ ಕುಡಿಯುತ್ತ, ಇದರೊಳಗೆ ಹರಿಯುವ ರಸಾಯನಕ್ಕೆ ಎಣ್ಣೆಯ ಪಸೆ ತಾಗಿದರೂ ಸಾಕು, ಹತ್ತಿ ಉರಿಯುತ್ತದೆ ಎಂದು ಮಾತಿನ ನಡುವೆ ಹೇಳಿದರು. ಅಣವೀರಪ್ಪ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಹೇಳಿದರೆ ಕೆಲಸ ಹೋಗುತ್ತದೆ, ಅದರ ಹಿಂದೆಯೇ ಆಂಟಾಪ್ ಹಿಲ್ಲಿನ ಬಾಡಿಗೆ ಖೋಲಿಯೂ. ಸುಮ್ಮನಿದ್ದರೆ ಸಾಹೇಬರು ಸಹಿ ಹಾಕಿ ಹೊರಡುತ್ತಾರೆ. ಅವರು ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು.

“ನಿಲ್ರಿ ಸಾಹೇಬ್ರ. ನಲವತ್ತಕ್ಕೂ ಎಣ್ಣಿಕುಂಕುಮ ಹಚ್ಚೀನ್ರಿ. ತಿರುಪಿನ ಥ್ರೆಡ್ಡಿನಾಗ ಇಳದಿರ್ತದ.”

ದಾನಪ್ಪ ಹಣೆ ಚಚ್ಚಿಕೊಂಡ. “ಹುಚ್ಚ ಹಿಡದೈತೇನ ನಿನಗ? ಸಾಹೇಬ್ರ, ಪೆಟ್ರೋಲಿನ್ಯಾಗ ತೊಳದ ಕೊಡ್ತೀವ್ರಿ!”

ಸತ್ಯಮೂರ್ತಿ ಅವನ ಕಡೆ ತಿರುಗಲಿಲ್ಲ. “ತೊಳೆದ್ರೆ ಮೇಲಿಂದು ಹೋಗುತ್ತೆ. ಥ್ರೆಡ್ಡಿನ ಬುಡದ್ದೂ ಹೋಯ್ತು ಅಂತ ನೀವು ಎದೆ ಮುಟ್ಟಿಕೊಂಡು ಹೇಳ್ತೀರಾ, ಅಣವೀರಪ್ಪನವರೇ?”

ಹೌದು ಅನ್ನಬೇಕೆಂದು ಅವನಿಗೆ ತುಂಬ ಆಸೆಯಾಯಿತು. “ಇಲ್ರಿ,” ಎಂದ.

ಅಷ್ಟೂ ರದ್ದಾದವು. ನಾಳೆಯಿಂದ ಬರಬೇಡ ಎಂದು ದಾನಪ್ಪ ಕೂಗಿದ. ಸತ್ಯಮೂರ್ತಿ ಪೆನ್ನಿಗೆ ಮುಚ್ಚಳ ಹಾಕುತ್ತ, “ಅವರು ಬರದಿದ್ರೆ ಆರ್ಡರೂ ಇಲ್ಲ, ದಾನಪ್ಪನವರೇ. ಹೊಸ ನಲವತ್ತೂ ಅವರ ಕೈಯಿಂದ್ಲೇ ಆಗ್ಬೇಕು. ಆದದ್ದನ್ನ ಆದಹಾಗೆ ಹೇಳೋರು ನಮಗೆ ಬೇಕು,” ಎಂದರು.

ಕೆಲಸ ಉಳಿಯಿತು. ಆದರೆ ರದ್ದಾದ ಮಾಲು ಅಪ್ಪಿತಪ್ಪಿಯೂ ರಾಕೆಟ್ ಸೇರಬಾರದು, ಸಾಹೇಬರ ಎದುರಿಗೇ ಹಾಳಾಗಬೇಕು ಎಂಬುದು ನಿಯಮ. ಅಣವೀರಪ್ಪ ತಾನೇ ಸುತ್ತಿಗೆ ಎತ್ತಿಕೊಂಡ. ಒಂದೊಂದನ್ನೇ ಅಡಿಗಲ್ಲಿನ ಮೇಲಿಟ್ಟು ಹೊಡೆದ. ಅಂದು ಅವನ ಬಾಯಲ್ಲಿ ಬೈಗುಳವೂ ಇಲ್ಲ, ದೇವರೂ ಇಲ್ಲ, ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು. ಹತ್ತು ಮುಗಿದಾಗ ದಾನಪ್ಪ ಎದ್ದು ಬಂದು ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡ.

“ಉಳದದ್ದ ನಾ ಹೊಡೀತೇನಿ,” ಎಂದ. “ನೀ ಆ ಕಡಿ ಹೋಗಿ ಕುಂದ್ರ.”